ಧ್ರುವೀಯ ಬಂಧ ಅಧ್ರುವೀಯ ಬಂಧಕ್ಕಿಂತ ಗಟ್ಟಿಯೇ?

ಪರ: ಗಟ್ಟಿಯೇ

ಹೌದು, ಗಟ್ಟಿ. ಎರಡು ಪರಮಾಣುಗಳು ಎಲೆಕ್ಟ್ರಾನುಗಳನ್ನು ಅಸಮವಾಗಿ ಹಂಚಿಕೊಂಡರೆ ಅದು ಧ್ರುವೀಯ ಬಂಧ, ಸಮವಾಗಿ ಹಂಚಿಕೊಂಡರೆ ಅಧ್ರುವೀಯ. ನನಗೆ ಇದರಲ್ಲಿ ಅನುಮಾನವಿಲ್ಲ, ಅನುಮಾನ ಹೋದ ದಿನವೂ ಚೆನ್ನಾಗಿ ನೆನಪಿದೆ. ‘ಹೈಡ್ರೋಜನ್ ಕ್ಲೋರೈಡ್ ನೀರಿಗೆ ಬಿದ್ದೊಡನೆ ಅಯಾನುಗಳಾಗಿ ಒಡೆಯುತ್ತದೆ, ಆದ್ದರಿಂದ ಧ್ರುವೀಯ ಬಂಧ ದುರ್ಬಲ’ ಎಂದು ಪರೀಕ್ಷೆಯಲ್ಲಿ ಬರೆದಿದ್ದೆ. ಸೊನ್ನೆ ಬಂತು. ಜಗಳಕ್ಕೆಂದೇ ಹೋದೆ. ಮೇಷ್ಟ್ರು ರೇಗಲಿಲ್ಲ. “ನೀರಿಲ್ಲದೆ ಒಡೆದು ತೋರಿಸು ನೋಡೋಣ” ಅಂದರು. ಒಡೆಯಲು ಬೇಕಾದ ಶಕ್ತಿಯನ್ನು ಅಲ್ಲಿ ನೀರೇ ಕೊಡುತ್ತದೆ, ಅಯಾನುಗಳನ್ನು ಸುತ್ತುವರಿದು ಆ ಸಾಲ ತೀರಿಸುತ್ತದೆ. ಅದು ಬಂಧದ ಬಲಹೀನತೆಯಲ್ಲ.

ಆಮೇಲೆ ಕೋಷ್ಟಕ ಮುಂದಿಟ್ಟು ಲೆಕ್ಕ ಮಾಡಿಸಿದರು. ಹೈಡ್ರೋಜನ್–ಹೈಡ್ರೋಜನ್ ಬಂಧ ಮುರಿಯಲು ಮೋಲಿಗೆ 436 ಕಿಲೋಜೌಲ್ ಬೇಕು, ಫ್ಲೋರಿನ್–ಫ್ಲೋರಿನ್‌ಗೆ ಸುಮಾರು 158. ಸರಾಸರಿ 297. ಎಲೆಕ್ಟ್ರಾನುಗಳನ್ನು ಸಮವಾಗಿ ಹಂಚಿಕೊಂಡಿದ್ದರೆ ಹೈಡ್ರೋಜನ್–ಫ್ಲೋರಿನ್ ಬಂಧವೂ ಅಲ್ಲೇ ಆಸುಪಾಸಿನಲ್ಲಿ ಇರಬೇಕಿತ್ತು. ಇರುವುದು ಸುಮಾರು 569! ಪೆನ್ಸಿಲ್ ಹಿಡಿದ ಕೈ ನಿಂತುಹೋಯಿತು. ಆ 270 ಬಂದದ್ದು ಧನ ತುದಿ ಮತ್ತು ಋಣ ತುದಿಯ ಸೆಳೆತದಿಂದ. 1932ರಲ್ಲಿ ಲೈನಸ್ ಪೌಲಿಂಗ್ ತಮ್ಮ ಎಲೆಕ್ಟ್ರೊನೆಗೆಟಿವಿಟಿ (ಬಂಧದ ಎಲೆಕ್ಟ್ರಾನುಗಳನ್ನು ತನ್ನತ್ತ ಎಳೆಯುವ ಪರಮಾಣುವಿನ ಸಾಮರ್ಥ್ಯ) ಮಾಪಕ ಕಟ್ಟಿದ್ದೇ ಈ ಹೆಚ್ಚುವರಿಯ ಮೇಲೆ. ಧ್ರುವೀಯತೆ ಬಲ ಕೊಡುವುದಿಲ್ಲ ಎನ್ನುವವರು ಆ ಮಾಪಕವನ್ನೇ ಕೈಬಿಡಬೇಕಾಗುತ್ತದೆ.

ಅಂದಿನಿಂದ ಎಲ್ಲಿ ನೋಡಿದರೂ ನನಗೆ ಇದೇ ಕಾಣುತ್ತದೆ. ಕಾರ್ಬನ್–ಕಾರ್ಬನ್ 347, ಕಾರ್ಬನ್–ಫ್ಲೋರಿನ್ 485. ಟೆಫ್ಲಾನ್ ಅಷ್ಟೊಂದು ತಾಳಿಕೆಯದಾಗಿರುವುದು ಸುಮ್ಮನೆ ಅಲ್ಲ. ಸಿಲಿಕಾನ್–ಸಿಲಿಕಾನ್ ಸುಮಾರು 226, ಸಿಲಿಕಾನ್–ಆಕ್ಸಿಜನ್ 452, ಅಂದರೆ ಎರಡರಷ್ಟು. ಅಧ್ರುವೀಯ ತ್ರಿಬಂಧವಿರುವ ನೈಟ್ರೋಜನ್ ಅಣುವನ್ನು ತೋರಿಸಿ ವಾದಿಸುವವರಿದ್ದಾರೆ. ಮೂರೆಳೆ ಹೊಸೆದ ಹಗ್ಗವನ್ನು ಒಂದೆಳೆಯ ಎದುರು ಎಳೆದಾಟಕ್ಕೆ ನಿಲ್ಲಿಸುವುದು ಪಂದ್ಯವೇ ಅಲ್ಲ.

ವಿರೋಧ: ಹಾಗೆನ್ನಲಾಗದು

ಈ ಪಕ್ಷ ನನ್ನ ಪಾಲಿಗೆ ಬಂದದ್ದು. ಸರಾಸರಿಯ ಲೆಕ್ಕವನ್ನು ಪರ ಬರೆಯುವವರಿಗೇ ಬಿಡುತ್ತೇನೆ. ನನ್ನ ಮಾತು ಇಷ್ಟೇ: ‘ಧ್ರುವೀಯ’ ಎಂಬ ಹೆಸರು ನೋಡಿ ಬಂಧದ ಬಲ ಹೇಳಲಾಗದು.

ಹೈಡ್ರೋಜನ್–ಅಯೋಡಿನ್ ಬಂಧ ಧ್ರುವೀಯ, ಸುಮಾರು 298. ಹೈಡ್ರೋಜನ್–ಹೈಡ್ರೋಜನ್ ಅಧ್ರುವೀಯ, 436. ಎರಡೂ ಏಕಬಂಧಗಳೇ. ಕಾರ್ಬನ್–ಕ್ಲೋರಿನ್ ಕೂಡ ಸುಮಾರು 339ಕ್ಕೇ ನಿಲ್ಲುತ್ತದೆ. ಅಧ್ರುವೀಯ ನೈಟ್ರೋಜನ್ ತ್ರಿಬಂಧ 945. ಅಮೋನಿಯಾ ತಯಾರಿಕೆಯಲ್ಲಿ ಅದನ್ನು ಬಿಡಿಸಲು ಕಬ್ಬಿಣದ ವೇಗವರ್ಧಕ ಇದ್ದರೂ 400 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಕಾರ್ಬನ್ ಮಾನಾಕ್ಸೈಡ್ ಅದಕ್ಕೂ ಗಟ್ಟಿ, 1072. ಅದರ ಡೈಪೋಲ್ ಮೊಮೆಂಟ್ (ಅಣು ಎಷ್ಟು ಧ್ರುವೀಯ ಎಂಬುದರ ಅಳತೆ) ಮಾತ್ರ ಬರೀ 0.1 ಡಿಬೈ, ಹೈಡ್ರೋಜನ್ ಫ್ಲೋರೈಡಿನದು 1.8.

ಹೈಡ್ರೋಜನ್ ಹ್ಯಾಲೈಡ್‌ಗಳ (ಹೈಡ್ರೋಜನ್ ಕ್ರಮವಾಗಿ ಫ್ಲೋರಿನ್, ಕ್ಲೋರಿನ್, ಬ್ರೋಮಿನ್, ಅಯೋಡಿನ್ ಜೊತೆ ಸೇರಿದವು) ಸಾಲು ಧ್ರುವೀಯತೆಗೆ ಸಾಕ್ಷಿ ಎಂದು ಓದಿದ್ದೇವೆ: 569, 431, 366, 298. ಆದರೆ ಆ ಸಾಲಿನಲ್ಲಿ ಪರಮಾಣು ದೊಡ್ಡದಾಗುತ್ತಾ ಬಂಧವೂ ಉದ್ದವಾಗುತ್ತದೆ. ಪಕ್ಕದಲ್ಲಿ ಕ್ಲೋರಿನ್, ಬ್ರೋಮಿನ್, ಅಯೋಡಿನ್ ಅಣುಗಳನ್ನು ಇಡಿ: 243, 193, 151. ಧ್ರುವೀಯತೆ ಮೂರರಲ್ಲೂ ಸೊನ್ನೆ. ಬಲ ಆದರೂ ಇಳಿಯುತ್ತಲೇ ಹೋಗಿದೆ.