ಆ ಹುಡುಗಿಯ ಪ್ರಶ್ನೆಗೆ ಜಾಗ ಅದೇ ಆಗಿತ್ತು

ಮೊನ್ನೆ ಶನಿವಾರ ಒಂದು ವಿಶ್ವವಿದ್ಯಾಲಯದಲ್ಲಿ ರಕ್ಷಣಾ ಮತ್ತು ಭದ್ರತಾ ಅಧ್ಯಯನ ಕೇಂದ್ರದ ಉದ್ಘಾಟನೆಗೆ ಹೋಗಿದ್ದೆ. ಯಾವ ವಿಶ್ವವಿದ್ಯಾಲಯ ಎಂದು ಹೇಳುವುದಿಲ್ಲ. ಎರಡು ದಿನ ಸುಮ್ಮನಿರಲು ನೋಡಿದೆ, ಆಗಲಿಲ್ಲ. ಬರಹ ಉದ್ದವಾಗುತ್ತದೆ, ಓದುವ ತಾಳ್ಮೆ ಇರಲಿ.

ನನ್ನ ಹಿನ್ನೆಲೆ ನಿಮಗೆಲ್ಲ ಗೊತ್ತೇ ಇದೆ. ಅಪ್ಪ ಸೇನೆಯ ಸಿಗ್ನಲ್ಸ್‌ನಲ್ಲಿದ್ದವರು. ಚಿಕ್ಕಪ್ಪ ಎಚ್‌ಎಎಲ್‌ನಲ್ಲಿ ಫಿಟ್ಟರ್. ನಾನು ಇಪ್ಪತ್ತೆರಡು ವರ್ಷಗಳಿಂದ ರಾಜ್ಯಶಾಸ್ತ್ರ ಪಾಠ ಮಾಡುತ್ತಿರುವವನು. ಹಾಗಾಗಿ ಆಹ್ವಾನ ಪತ್ರಿಕೆ ಕೈಗೆ ಬಂದಾಗ ನಿಜಕ್ಕೂ ಸಂತೋಷವಾಗಿತ್ತು. ನಮ್ಮ ಮಕ್ಕಳಿಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿದರೆ ಮದ್ರಾಸ್ ವಿಶ್ವವಿದ್ಯಾಲಯವನ್ನೋ ಪುಣೆಯನ್ನೋ ತೋರಿಸುತ್ತಿದ್ದೆವು. ಮಣಿಪಾಲದಲ್ಲಿ ಒಂದು ವಿಭಾಗವಿದೆ, ಬೆಂಗಳೂರಿನ ಸಂಶೋಧನಾ ಸಂಸ್ಥೆ ನಿಯಾಸ್‌ನಲ್ಲಿ ಒಳ್ಳೆಯ ತಂಡವಿದೆ. ಆದರೆ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ, ಬಸ್ ಪಾಸ್ ಹಿಡಿದು ಬರುವ ಮಕ್ಕಳಿಗೆ ಎಟಕುವಂತೆ ಇಂಥ ಕೇಂದ್ರ ಬರುತ್ತಿದೆ ಎಂಬುದು ಸಣ್ಣ ವಿಷಯವಲ್ಲ.

ವೇದಿಕೆಯ ಒಂದು ಬದಿಗೆ ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಇನ್ನೊಂದು ಬದಿಗೆ ಜನರಲ್ ತಿಮ್ಮಯ್ಯ. ಎರಡೂ ಚಿತ್ರಗಳಿಗೆ ಸೇವಂತಿಗೆ ಹಾರ. ದೀಪ ಬೆಳಗಿದರು, ನಾಡಗೀತೆ ಹಾಡಿದರು, ಪ್ರಾಸ್ತಾವಿಕ ನುಡಿ ಮುಗಿಯಿತು, ಪೇಟ ಶಾಲುಗಳಾದವು. ಮುಖ್ಯ ಅತಿಥಿಯಾಗಿ ಬಂದಿದ್ದ ನಿವೃತ್ತ ಸೇನಾಧಿಕಾರಿ ಎತ್ತರದ ಗಡಿಠಾಣೆಯೊಂದರ ಚಳಿಗಾಲದ ಬಗ್ಗೆ ಬಹಳ ಚೆನ್ನಾಗಿ ಮಾತನಾಡಿದರು. ನಾನು ಎರಡು ಪುಟ ಬರೆದುಕೊಂಡೆ. ಕೊನೆಗೆ ಪ್ರಶ್ನೆಗಳಿಗೆ ಹತ್ತು ನಿಮಿಷ.

ಮೂರನೆಯ ಸಾಲಿನಿಂದ ಒಬ್ಬ ಹುಡುಗಿ ಎದ್ದಳು. ಎಂ.ಎ. ಎರಡನೆಯ ವರ್ಷ, ಕೊಡಗಿನವಳು. ಕೈಯಲ್ಲಿ ಚೀಟಿಯಿತ್ತು, ಆದರೆ ನೋಡದೆಯೇ ಕೇಳಿದಳು. "ಸರ್, ಇಲ್ಲಿ ಜನರಲ್ ತಿಮ್ಮಯ್ಯನವರ ಚಿತ್ರ ಇಟ್ಟಿದ್ದೀರಿ. ಅವರು ಸೇನಾ ಮುಖ್ಯಸ್ಥರಾಗಿದ್ದಾಗ 1959ರಲ್ಲಿ ರಾಜೀನಾಮೆ ಕೊಟ್ಟಿದ್ದರು. ಮೂರು ವರ್ಷದಲ್ಲಿ ಚೀನಾ ಯುದ್ಧವಾಯಿತು. ಆ ಸೋಲಿನ ಬಗ್ಗೆ ಸೇನೆಯೇ ಮಾಡಿಸಿದ ವರದಿ ಇಂದಿಗೂ ಪ್ರಕಟವಾಗಿಲ್ಲ. ನಮ್ಮ ಕೇಂದ್ರ ಅದನ್ನು ಕೇಳುತ್ತದೆಯೇ?"

ಆ ಅಧಿಕಾರಿ ಉತ್ತರಿಸಲು ಮೈಕಿನತ್ತ ಕೈ ಚಾಚಿದರು. ನಾನು ಕಣ್ಣಾರೆ ಕಂಡೆ. ಅಷ್ಟರಲ್ಲಿ ಅಧ್ಯಕ್ಷತೆ ವಹಿಸಿದ್ದ ಪ್ರಾಧ್ಯಾಪಕರು ಮೈಕನ್ನು ತಮ್ಮ ಕಡೆಗೆ ಎಳೆದುಕೊಂಡರು. "ನೋಡಮ್ಮ, ಇದು ಶುಭ ಸಮಾರಂಭ. ಇಂಥ ಪ್ರಶ್ನೆಗಳಿಗೆ ಇದು ವೇದಿಕೆಯಲ್ಲ. ಕುಳಿತುಕೋ." ಹುಡುಗಿ ಕುಳಿತಳು. ವಂದನಾರ್ಪಣೆ ಆಯಿತು.

ಇದು ವೇದಿಕೆಯಲ್ಲವಾದರೆ ಇನ್ನಾವುದು ವೇದಿಕೆ? ಯಾರಾದರೂ ಹೇಳಿ. ಶನಿವಾರದಿಂದ ಇದೊಂದೇ ಮಾತು ತಲೆಯಲ್ಲಿ ಸುತ್ತುತ್ತಿದೆ. ಗಡಿಯಲ್ಲಿ ನಿಂತ ಸೈನಿಕ ಈ ಪ್ರಶ್ನೆ ಕೇಳುವಂತಿಲ್ಲ, ಅವನಿಗೆ ಶಿಸ್ತು ಅಡ್ಡ. ಸಚಿವಾಲಯದ ಅಧಿಕಾರಿ ಕೇಳುವಂತಿಲ್ಲ, ಅವನಿಗೆ 1923ರ ಅಧಿಕೃತ ರಹಸ್ಯಗಳ ಕಾಯ್ದೆ ಅಡ್ಡ. ಬಂದೂಕು, ವಿಮಾನ ಮಾರುವ ಕಂಪನಿಗೆ ಕೇಳುವ ಗರಜು ಇಲ್ಲ. ಸಂಜೆಯ ಟಿವಿ ಚರ್ಚೆಗೆ ಪುರುಸೊತ್ತಿಲ್ಲ. ಉಳಿದದ್ದು ವಿಶ್ವವಿದ್ಯಾಲಯ ಒಂದೇ. ಅಲ್ಲಿಯೂ ಬಾಯಿ ಮುಚ್ಚಿಸಿದರೆ ಆ ಕೇಂದ್ರಕ್ಕೆ ಬೋರ್ಡು ಏಕೆ ಬೇಕು?

ಹುಡುಗಿ ಕೇಳಿದ್ದರಲ್ಲಿ ತಪ್ಪೇನಿತ್ತು? ಲೆಫ್ಟಿನೆಂಟ್ ಜನರಲ್ ಹೆಂಡರ್ಸನ್ ಬ್ರೂಕ್ಸ್ ಮತ್ತು ಬ್ರಿಗೇಡಿಯರ್ ಪಿ.ಎಸ್. ಭಗತ್ ಆ ವರದಿಯನ್ನು 1963ರಲ್ಲಿ ಒಪ್ಪಿಸಿದರು. ಭಗತ್ ಎರಡನೆಯ ಮಹಾಯುದ್ಧದಲ್ಲಿ ವಿಕ್ಟೋರಿಯಾ ಕ್ರಾಸ್ ಪಡೆದವರು, ಹೇಡಿಗಳೂ ಅಲ್ಲ, ದೇಶದ್ರೋಹಿಗಳೂ ಅಲ್ಲ. ಆರು ದಶಕ ದಾಟಿದರೂ ಸರ್ಕಾರ ವರದಿಯನ್ನು ಹೊರಗೆ ಬಿಟ್ಟಿಲ್ಲ. ಅದರಲ್ಲಿರುವುದು ಇಂದಿನ ಕಾರ್ಯಾಚರಣೆಗೂ ಸಂಬಂಧಿಸಿದ್ದು ಎಂದು 2010ರಲ್ಲಿ ರಕ್ಷಣಾ ಸಚಿವರು ಸಂಸತ್ತಿಗೆ ಹೇಳಿದರು. 2014ರಲ್ಲಿ ನೆವಿಲ್ ಮ್ಯಾಕ್ಸ್‌ವೆಲ್ ಎಂಬ ವಿದೇಶಿ ಪತ್ರಕರ್ತ ಅದರ ದೊಡ್ಡ ಭಾಗವನ್ನು ಇಂಟರ್ನೆಟ್ಟಿಗೆ ಹಾಕಿಬಿಟ್ಟ. ಇಡೀ ಜಗತ್ತು ಓದಬಹುದು, ನಮ್ಮ ಎಂ.ಎ. ವಿದ್ಯಾರ್ಥಿನಿ ಅದರ ಹೆಸರೆತ್ತಬಾರದು! ಈ ದೇಶದಲ್ಲಿ 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ ಇದೆ. ಯುದ್ಧದ ಕಡತಗಳನ್ನು ಸಾಮಾನ್ಯವಾಗಿ 25 ವರ್ಷಗಳಲ್ಲಿ ಗೌಪ್ಯಮುಕ್ತಗೊಳಿಸಬೇಕು ಎಂಬ ನೀತಿಗೆ ಸ್ವತಃ ರಕ್ಷಣಾ ಸಚಿವಾಲಯವೇ 2021ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಆ ನೀತಿಯನ್ನು ಕೈಯಲ್ಲಿ ಹಿಡಿದು, ಯಾವ ಕಡತ ಹೊರಬಂತು, ಯಾವುದು ಬರಲಿಲ್ಲ, ಏಕೆ ಬರಲಿಲ್ಲ ಎಂದು ವರ್ಷ ವರ್ಷವೂ ಬೆನ್ನು ಹತ್ತುವವರು ಯಾರು? ಅಂಥ ಕೇಂದ್ರ ಮಾಡಬೇಕಾದ ಮೊದಲ ಕೆಲಸವೇ ಅದು.

ಎದುರುವಾದ ನನಗೆ ಗೊತ್ತಿದೆ. ಸಮಾರಂಭ ಮುಗಿದ ಮೇಲೆ ಊಟದ ಸಾಲಿನಲ್ಲೇ ಒಬ್ಬ ಸಹೋದ್ಯೋಗಿ ಹೇಳಿದರು: "ಭದ್ರತೆ ಸೂಕ್ಷ್ಮ ವಿಷಯ ಸರ್, ಸಮವಸ್ತ್ರ ಹಾಕದವರಿಗೆ ಇದರಲ್ಲಿ ಏನು ಗೊತ್ತಾಗುತ್ತದೆ?" ಏನು ಗೊತ್ತಾಗುತ್ತದೆ ಎಂದು ಕೆ. ಸುಬ್ರಹ್ಮಣ್ಯಂ ತೋರಿಸಿಕೊಟ್ಟಿದ್ದಾರೆ. ರಸಾಯನಶಾಸ್ತ್ರ ಓದಿದ ಮನುಷ್ಯ, ಐಎಎಸ್ ಅಧಿಕಾರಿ, ಸಮವಸ್ತ್ರ ತೊಟ್ಟವರಲ್ಲ. ದೇಶ ಯುದ್ಧತಂತ್ರದ ಬಗ್ಗೆ ಯೋಚಿಸಲು ಕಲಿತದ್ದರಲ್ಲಿ ಅವರಿಗಿಂತ ದೊಡ್ಡ ಪಾಲು ಯಾರದ್ದಿದೆ? ಕಾರ್ಗಿಲ್ ಯುದ್ಧ ಮುಗಿದ ಕೂಡಲೇ, 1999ರ ಜುಲೈನಲ್ಲಿ, ಪರಿಶೀಲನಾ ಸಮಿತಿ ರಚಿಸಿದಾಗ ಅದಕ್ಕೆ ಅಧ್ಯಕ್ಷರಾದದ್ದು ಅವರೇ. ಸದಸ್ಯರಲ್ಲಿ ಒಬ್ಬರಾದ ಬಿ.ಜಿ. ವರ್ಗೀಸ್ ಪತ್ರಕರ್ತರು. ಗುಪ್ತಚರ ಮಾಹಿತಿ ಎಲ್ಲಿ ಕೈತಪ್ಪಿತು, ಯಾರಿಂದ ಯಾರಿಗೆ ಮುಟ್ಟಲಿಲ್ಲ ಎಂದು ಬರೆದರು. ಅತಿ ಸೂಕ್ಷ್ಮವಾದ ಭಾಗಗಳನ್ನು ತೆಗೆದು, ಉಳಿದದ್ದನ್ನು 2000ದ ಫೆಬ್ರವರಿಯಲ್ಲಿ ಸಂಸತ್ತಿನ ಮುಂದಿಟ್ಟರು. ಪುಸ್ತಕವಾಗಿಯೂ ಅಚ್ಚಾಯಿತು. ಆಕಾಶ ಕಳಚಿ ಬಿತ್ತೇ? ಇಲ್ಲ. ರಕ್ಷಣಾ ವ್ಯವಸ್ಥೆಯಲ್ಲಿ ನಂತರ ಆದ ಎಷ್ಟೋ ಸುಧಾರಣೆಗಳ ಬೇರು ಆ ವರದಿಯಲ್ಲಿದೆ.

ನನ್ನನ್ನು ಕಾಡುವುದು ಇನ್ನೊಂದು. ಆ ಸಮಿತಿ ಕುಳಿತದ್ದು ಐನೂರಕ್ಕೂ ಹೆಚ್ಚು ಯೋಧರನ್ನು ಕಳೆದುಕೊಂಡ ಮೇಲೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದು ನಮ್ಮ ಹಳೆಯ ರೋಗ. ಸರ್ಕಾರದ ಸಮಿತಿ ದೇಶ ಪೆಟ್ಟು ತಿಂದ ಮೇಲೆ ಕೂರುತ್ತದೆ, ಮೂರ್ನಾಲ್ಕು ತಿಂಗಳಲ್ಲಿ ಏಳುತ್ತದೆ. ವಿಶ್ವವಿದ್ಯಾಲಯದ ಕೇಂದ್ರ ಯುದ್ಧವಿಲ್ಲದ ದಿನಗಳಲ್ಲೂ ಕೂತಿರಬೇಕು. ಸದ್ದಿಲ್ಲದ ಇಪ್ಪತ್ತು ವರ್ಷ ಕೂತು ಲೆಕ್ಕ ಬರೆಯಬೇಕು.

ಲೆಕ್ಕ ಎಂದೆನಲ್ಲ, ಅದಕ್ಕೆ ರಹಸ್ಯ ಕಡತವೇ ಬೇಕೆಂದೇನೂ ಇಲ್ಲ. 1966ರಲ್ಲಿ ಶುರುವಾದ ಸ್ಟಾಕ್‌ಹೋಮಿನ ಸಿಪ್ರಿ ಸಂಶೋಧನಾ ಸಂಸ್ಥೆ ಜಗತ್ತಿನ ಶಸ್ತ್ರಾಸ್ತ್ರ ವ್ಯಾಪಾರವನ್ನು ಎಣಿಸುತ್ತಿರುವುದು ಬಹಿರಂಗವಾಗಿ ಸಿಗುವ ಮೂಲಗಳಿಂದಲೇ. ನಮ್ಮದೇ ಕೇಂದ್ರ ಬಜೆಟ್ಟನ್ನು ತೆಗೆದುಕೊಳ್ಳಿ. 2025-26ಕ್ಕೆ ರಕ್ಷಣೆಗೆ 6.81 ಲಕ್ಷ ಕೋಟಿ ರೂಪಾಯಿ ಇಟ್ಟಿದ್ದಾರೆ, ಅದರಲ್ಲಿ 1.60 ಲಕ್ಷ ಕೋಟಿಗೂ ಹೆಚ್ಚು ಪಿಂಚಣಿಗೆ. ಈ ಅಂಕಿ ಎಲ್ಲರಿಗೂ ಸಿಗುತ್ತದೆ. ನಮ್ಮ ತಾಲ್ಲೂಕಿನ ಮಾಜಿ ಸೈನಿಕನ ವಿಧವೆಯ ಮನೆಗೆ ಅದರಲ್ಲಿ ಎಷ್ಟು ಬರುತ್ತದೆ, ಕಾಗದಪತ್ರಕ್ಕಾಗಿ ಎಷ್ಟು ಸಲ ಓಡಾಡಬೇಕು, ಅಗ್ನಿಪಥ ಬಂದ 2022ರ ನಂತರ ಯಾವ ಊರಿನಿಂದ ಎಷ್ಟು ಹುಡುಗರು ಹೋದರು, ನಾಲ್ಕು ವರ್ಷ ಮುಗಿಸಿ ಹಿಂತಿರುಗುವವರು ಏನು ಮಾಡುತ್ತಾರೆ? ಇದನ್ನು ತಿಳಿಯಲು ಬೇಕಿರುವುದು ಒಂದು ನೋಟ್‌ಬುಕ್, ಒಂದು ಬಸ್ ಟಿಕೆಟ್, ಮನೆ ಮನೆಗೆ ಹೋಗುವ ಮನಸ್ಸು.

ಚಳ್ಳಕೆರೆಯನ್ನೇ ನೋಡಿ. ಅಲ್ಲಿನ ಅಮೃತಮಹಲ್ ಕಾವಲು ಎಂಬ ಹುಲ್ಲುಗಾವಲಿನ ಸುಮಾರು ಹತ್ತು ಸಾವಿರ ಎಕರೆ ರಕ್ಷಣಾ ಸಂಶೋಧನೆಯ ಡಿಆರ್‌ಡಿಒ, ಅಣು ಸಂಶೋಧನೆಯ ಬಾರ್ಕ್, ಇಸ್ರೋ, ಐಐಎಸ್‌ಸಿಗಳ ಪಾಲಾಯಿತು. ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ಕೇಂದ್ರ 2017ರಲ್ಲಿ ಉದ್ಘಾಟನೆಯಾಯಿತು. ಡ್ರೋನ್ ಹಾರಿಸಲು ಜನವಸತಿ ಕಡಿಮೆ ಇರುವ ಬಯಲು ಬೇಕು, ಅದು ನನಗೂ ಅರ್ಥವಾಗುತ್ತದೆ. ಆದರೆ ಆ ಬಯಲು ಖಾಲಿ ಇರಲಿಲ್ಲ. ಕುರಿ ಮೇಯುತ್ತಿದ್ದವು, ಆ ಉಣ್ಣೆಯಿಂದ ಕಂಬಳಿ ನೇಯುವ ಮಗ್ಗಗಳು ನಡೆಯುತ್ತಿದ್ದವು, ಕೃಷ್ಣಮೃಗಗಳಿದ್ದವು. ಗೋಡೆ ಎದ್ದಿತು, ಹಸಿರು ನ್ಯಾಯಮಂಡಳಿಯವರೆಗೆ ವ್ಯಾಜ್ಯ ಹೋಯಿತು. 2019ರ ಸೆಪ್ಟೆಂಬರ್‌ನಲ್ಲಿ ಪರೀಕ್ಷೆಗೆ ಹಾರಿದ ರುಸ್ತುಂ-2 ಡ್ರೋನ್ ಜೋಡಿಚಿಕ್ಕೇನಹಳ್ಳಿಯ ಬಳಿ ಬಿತ್ತು, 2023ರ ಆಗಸ್ಟ್‌ನಲ್ಲಿ ತಪಸ್ ಡ್ರೋನ್ ಹಿರಿಯೂರು ತಾಲ್ಲೂಕಿನ ಹೊಲದಲ್ಲಿ ಬಿತ್ತು. ಜನ ಓಡಿಬಂದು ಮೊಬೈಲಿನಲ್ಲಿ ಚಿತ್ರ ತೆಗೆದರು. ಪತ್ರಿಕೆಗಳಲ್ಲಿ ಒಂದು ದಿನದ ಸುದ್ದಿ. ಹೊಲದವನಿಗೆ ಏನಾಯಿತು, ಕಂಬಳಿ ಮಗ್ಗಗಳು ಈಗ ಎಷ್ಟು ಉಳಿದಿವೆ, ಪರೀಕ್ಷೆಗಳಿಂದ ದೇಶ ಏನು ಕಲಿತಿತು? ಈ ಮೂರನ್ನೂ ಒಂದೇ ಪುಟದಲ್ಲಿ ಇಟ್ಟು ನೋಡಬಲ್ಲ ಜಾಗ ಯಾವುದು? ಡಿಆರ್‌ಡಿಒಗೆ ಮೂರನೆಯದು ಮಾತ್ರ ಮುಖ್ಯ, ಹೋರಾಟಗಾರರಿಗೆ ಮೊದಲೆರಡು. ಮೂರೂ ಮುಖ್ಯ ಎಂದು ನಂಬಬೇಕಾದವರು ನಾವು, ಪಾಠ ಹೇಳುವವರು.

ಸರ್ಕಾರಕ್ಕೆ ಸಿಟ್ಟು ಬರಬಹುದು. ಬರಲಿ. ಇಂಗ್ಲೆಂಡಿನ ಬ್ರಾಡ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 1973ರಲ್ಲಿ ಶಾಂತಿ ಅಧ್ಯಯನ ವಿಭಾಗ ಶುರುವಾಯಿತು. ಅಣ್ವಸ್ತ್ರಗಳ ಬಗ್ಗೆ ಅಲ್ಲಿಯವರು ಬರೆದದ್ದು ಥ್ಯಾಚರ್ ಸರ್ಕಾರಕ್ಕೆ ಕಿಂಚಿತ್ತೂ ಹಿಡಿಸಲಿಲ್ಲ. ವಿಭಾಗ ಮುಚ್ಚಲಿಲ್ಲ. ಅದೇ ದೇಶದ ಕಿಂಗ್ಸ್ ಕಾಲೇಜಿನಲ್ಲಿ ಯುದ್ಧ ಅಧ್ಯಯನ ವಿಭಾಗವನ್ನು ಕಟ್ಟಿ ನಿಲ್ಲಿಸಿದ ಮೈಕೆಲ್ ಹೊವಾರ್ಡ್ ಇಟಲಿಯ ರಣರಂಗದಲ್ಲಿ ಕಾದಾಡಿ ಬಂದವರು. ಒಂದು ಕಡೆ ಶಾಂತಿ, ಇನ್ನೊಂದು ಕಡೆ ಯುದ್ಧ ಎಂದು ಬೋರ್ಡು. ಎರಡೂ ಕಡೆ ವಿದ್ಯಾರ್ಥಿ ಪ್ರಶ್ನೆ ಕೇಳಬಹುದಿತ್ತು.

ನಮ್ಮಲ್ಲಿ ಅಡಿಗಲ್ಲು ಹಾಕುವುದಕ್ಕೆ ಮಾತ್ರ ಬರವಿಲ್ಲ. ಭಾರತೀಯ ರಾಷ್ಟ್ರೀಯ ರಕ್ಷಣಾ ವಿಶ್ವವಿದ್ಯಾಲಯದ ಮಾತು ಮೊದಲು ಬಂದದ್ದು 1967ರಲ್ಲಿ. ಕಾರ್ಗಿಲ್ ನಂತರ ಇದೇ ಸುಬ್ರಹ್ಮಣ್ಯಂ ಅವರ ನೇತೃತ್ವದ ಇನ್ನೊಂದು ಸಮಿತಿ ಅದರ ರೂಪುರೇಷೆ ಬರೆಯಿತು. 2013ರ ಮೇ ತಿಂಗಳಲ್ಲಿ ಹರಿಯಾಣದ ಬಿನೋಲಾದಲ್ಲಿ ಪ್ರಧಾನಿ ಮನಮೋಹನ್ ಸಿಂಗ್ ಶಂಕುಸ್ಥಾಪನೆ ಮಾಡಿದರು. ವಿಶ್ವವಿದ್ಯಾಲಯ ಇನ್ನೂ ತಲೆ ಎತ್ತಿಲ್ಲ. ಶನಿವಾರ ಉದ್ಘಾಟನೆಯಾದ ಕೇಂದ್ರಕ್ಕೂ ಕಾಯಂ ಹುದ್ದೆ ಒಂದೂ ಇಲ್ಲ, ಇಬ್ಬರು ಅತಿಥಿ ಉಪನ್ಯಾಸಕರು, ಒಂದು ಬೀರು. ಬೀರು ಖಾಲಿ. ಅದನ್ನೂ ಸಹಿಸಿಕೊಳ್ಳುತ್ತೇನೆ, ಬಡತನದಲ್ಲಿ ಶುರುವಾದ ಎಷ್ಟೋ ವಿಭಾಗಗಳು ಬೆಳೆದಿವೆ. "ಕುಳಿತುಕೋ" ಎಂದದ್ದನ್ನು ಸಹಿಸಲಾರೆ.

ಏಕೆ ಸಹಿಸಲಾರೆ ಎಂಬುದನ್ನೂ ಹೇಳಿಬಿಡುತ್ತೇನೆ. ಇದನ್ನು ಇಲ್ಲಿಯವರೆಗೆ ಮನೆಯವಳಿಗೆ ಬಿಟ್ಟು ಯಾರಿಗೂ ಹೇಳಿಲ್ಲ.

ನನ್ನ ಪಿಎಚ್.ಡಿ. ಕಾರವಾರದ ಸೀಬರ್ಡ್ ನೌಕಾನೆಲೆಯ ಮೇಲೆ ಎಂಬುದು ನಿಮಗೆ ಗೊತ್ತು. 1986ರ ಅಕ್ಟೋಬರ್‌ನಲ್ಲಿ ರಾಜೀವ್ ಗಾಂಧಿ ಶಂಕುಸ್ಥಾಪನೆ ಮಾಡಿದ್ದು, 2005ರ ಮೇ ತಿಂಗಳಲ್ಲಿ ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ನೆಲೆ ಕಾರ್ಯಾರಂಭ ಮಾಡಿದ್ದು. ಮುಂಬೈ ಬಂದರಿನ ಇಕ್ಕಟ್ಟಿನಿಂದ ನೌಕಾಪಡೆ ಹೊರಬರಬೇಕಿತ್ತು, ಆಳವಾದ, ದ್ವೀಪಗಳ ಮರೆಯಿರುವ ಕಡಲು ಬೇಕಿತ್ತು. ಅದು ಸರಿಯಾದ ನಿರ್ಧಾರ ಎಂದೇ ನಾನು ಬರೆದೆ, ಇವತ್ತಿಗೂ ಅದೇ ನನ್ನ ಅಭಿಪ್ರಾಯ. ಆದರೆ ಸಾವಿರಾರು ಕುಟುಂಬಗಳು ದಡ ಬಿಟ್ಟು ಎದ್ದು ಹೋದವು, ಪರಿಹಾರಕ್ಕಾಗಿ ದಶಕಗಳ ಕಾಲ ನ್ಯಾಯಾಲಯಗಳಿಗೆ ಅಲೆದವು. ಅದರ ಮೇಲೆ 62 ಪುಟಗಳ ಒಂದು ಅಧ್ಯಾಯ ಬರೆದಿದ್ದೆ. ತೋಡೂರಿನ ಪುನರ್ವಸತಿ ಕಾಲೊನಿಯಲ್ಲಿ ಮೀನು ಮಾರುವ ಅಜ್ಜಿಯೊಬ್ಬರು ಮೂರು ಮಧ್ಯಾಹ್ನ ಕೂತು ತಮ್ಮ ಹಳೆಯ ಊರಿನ ಮನೆ ಮನೆಯ ಹೆಸರು ಬರೆಸಿದ್ದರು, ಕೊಂಕಣಿ ಬೆರೆತ ಕನ್ನಡದಲ್ಲಿ. ಯಾವ ದೋಣಿ ಯಾರದು, ಯಾವ ತೆಂಗಿನ ಮರ ಯಾರ ಪಾಲಿನದು ಎಂಬುದೂ ಸೇರಿ. "ತಮ್ಮಾ, ಇದನ್ನೆಲ್ಲ ಬರೆದುಕೊಂಡು ಎಲ್ಲಿ ಕೊಡುತ್ತೀ?" ಎಂದು ಕೇಳಿದ್ದರು. ಪುಸ್ತಕದಲ್ಲಿ ಬರುತ್ತದೆ ಅಜ್ಜಿ ಎಂದಿದ್ದೆ.

ಬರಲಿಲ್ಲ. ಮಾರ್ಗದರ್ಶಕರು ಓದಿ, "ಇದು ಸೂಕ್ಷ್ಮ, ಬಿಟ್ಟುಬಿಡಿ, ಬೇಗ ಪದವಿ ಸಿಗುತ್ತದೆ" ಎಂದರು. ಬೈಯಲಿಲ್ಲ, ಬಲವಂತ ಮಾಡಲಿಲ್ಲ. ತೆಗೆದದ್ದು ನಾನೇ. ನೌಕರಿಯ ಅರ್ಜಿಗೆ ಕೊನೆಯ ದಿನ ಹತ್ತಿರವಿತ್ತು, ಮಗಳು ಹುಟ್ಟಿ ನಾಲ್ಕು ತಿಂಗಳಾಗಿತ್ತು. ಒಂದು ರಾತ್ರಿ ಕೂತು ಪುಟಸಂಖ್ಯೆ ಬದಲಿಸಿ, ಪರಿವಿಡಿ ತಿದ್ದಿದೆ. ಪದವಿ ಸಿಕ್ಕಿತು. ವಿಕ್ರಮಾದಿತ್ಯ ಹಡಗು 2014ರಲ್ಲಿ ಕಾರವಾರಕ್ಕೆ ಬಂದ ದಿನ ಟಿವಿಯ ಮುಂದೆ ಕೂತು ಹೆಮ್ಮೆಪಟ್ಟವನೂ ನಾನೇ, ಅರ್ಧದಲ್ಲಿ ಎದ್ದು ಹೊರಗೆ ಹೋದವನೂ ನಾನೇ.

ಶನಿವಾರ ಆ ಹುಡುಗಿ ಕುಳಿತಾಗ ನಾನು ಎದ್ದು ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಅದೂ ಈ ಸಿಟ್ಟಿನಲ್ಲಿ ಸೇರಿದೆ.

ಬಸ್ ನಿಲ್ದಾಣದಲ್ಲಿ ಅವಳು ಸಿಕ್ಕಳು. 2021ರ ನೀತಿಯ ಬಗ್ಗೆ ಹೇಳಿದೆ, ರಾಷ್ಟ್ರೀಯ ಪತ್ರಾಗಾರಕ್ಕೆ ಹೇಗೆ ಬರೆಯಬೇಕೆಂದು ಹೇಳಿದೆ. ಚೀಟಿಯ ಹಿಂದೆಯೇ ಬರೆದುಕೊಂಡಳು. "ಸರ್, ಆ ಮುಖ್ಯ ಅತಿಥಿಗಳು ಹೋಗುವಾಗ ನನ್ನನ್ನು ಕರೆದು ಫೋನ್ ನಂಬರ್ ಕೊಟ್ಟರು, ಉತ್ತರ ಬಾಕಿ ಇದೆ ಎಂದರು" ಎಂದಳು. ಅಪ್ಪನೂ ಹಾಗೆಯೇ ಮಾಡುತ್ತಿದ್ದರೇನೋ.

ನಿನ್ನೆ ಅಟ್ಟದಿಂದ ಆ ಟೈಪ್ ಮಾಡಿದ ಹಾಳೆಗಳನ್ನು ಇಳಿಸಿದೆ. ಅಂಚು ಹಳದಿಯಾಗಿದೆ, ಅಕ್ಷರ ಓದಲು ಬರುತ್ತದೆ. ಮೂರು ಜೆರಾಕ್ಸ್ ಮಾಡಿಸಿದ್ದೇನೆ. ಒಂದು ಆ ಹುಡುಗಿಗೆ. ಒಂದು ಕೇಂದ್ರದ ಖಾಲಿ ಬೀರುವಿಗೆ, ನಾಳೆ ನಾನೇ ಹೋಗಿ ಇಟ್ಟು, ಸ್ವೀಕೃತಿ ಪಡೆದು ಬರುತ್ತೇನೆ. ಮೂರನೆಯದು ತೋಡೂರಿಗೆ. ಅಜ್ಜಿ ಈಗ ಇರಲಾರರು, ಮನೆಯವರು ಇರಬಹುದು. ಕಾರವಾರದ ಗೆಳೆಯರಲ್ಲಿ ಆ ಕಾಲೊನಿಯ ಪರಿಚಯವಿರುವವರು ಇದ್ದರೆ ದಯವಿಟ್ಟು ನನಗೆ ಸಂದೇಶ ಕಳಿಸಿ. ಬರುವ ಭಾನುವಾರ ಹೊರಡುತ್ತಿದ್ದೇನೆ.