ಕಿವಿಗೊಟ್ಟು ಕೂರುವ ಆಟ

ಕಂಪ್ಯೂಟರ್ ಆಟವೆಂದರೆ ನಿಮಿಷಕ್ಕೆ ನಾಲ್ಕು ಜನ ಸಾಯಬೇಕು, ಎರಡು ಕಟ್ಟಡ ಉರುಳಬೇಕು ಎಂದು ನಂಬಿರುವವರ ಎದುರು ‘ಸೈಲೆಂಟ್ ಹಂಟರ್ 3’ ಎಂಬ ಜಲಾಂತರ್ಗಾಮಿಯ ಆಟ ಆಡುತ್ತ ಕೂರುವುದು ತುಸು ಮುಜುಗರದ ಸಂಗತಿ. ಪರದೆಯ ತುಂಬ ಬೂದು ಬಣ್ಣದ ಕಡಲು, ಅದಕ್ಕೆ ಹೊಂದುವಂಥದೇ ಬೂದು ಆಕಾಶ, ಗೋಪುರದ ಮೇಲೆ ಮಳೆಯಂಗಿ ತೊಟ್ಟು ದುರ್ಬೀನು ಹಿಡಿದು ನಿಂತ ಕಾವಲಿನವರು. ಇಷ್ಟನ್ನು ಬಿಟ್ಟರೆ ಗಂಟೆಗಟ್ಟಲೆ ಮತ್ತೇನೂ ಕಾಣಿಸದು. ಇದರಲ್ಲಿ ನೀವು ಮಾಡುತ್ತಿರುವುದಾದರೂ ಏನು ಎಂದು ಯಾರಾದರೂ ಕೇಳಿದರೆ ‘ಕಾಯುತ್ತಿದ್ದೇನೆ’ ಎನ್ನುವುದೊಂದೇ ಪ್ರಾಮಾಣಿಕವಾದ ಉತ್ತರ. ಯೂಬಿಸಾಫ್ಟ್ ಸಂಸ್ಥೆಯ ಬುಕಾರೆಸ್ಟ್ ಶಾಖೆ ಸಿದ್ಧಪಡಿಸಿ 2005ರ ಮಾರ್ಚಿನಲ್ಲಿ ಹೊರಬಂದ ಈ ಆಟವನ್ನು ಇಪ್ಪತ್ತು ವರ್ಷಗಳ ನಂತರವೂ ಬಿಡದೆ ಆಡುವವರಿದ್ದಾರೆ. ಅವರ ಸಾಲಿನಲ್ಲಿ ನಾನೂ ಒಬ್ಬ.

ಜಲಾಂತರ್ಗಾಮಿಯ ಆಟಗಳಿಗೆ ಒಂದು ದೊಡ್ಡ ವಂಶವೃಕ್ಷವೇ ಇದೆ. 1966ರಲ್ಲಿ ಸೆಗಾ ಕಂಪನಿ ‘ಪೆರಿಸ್ಕೋಪ್’ ಎಂಬ ನಾಣ್ಯ ಹಾಕಿ ಆಡುವ ಯಂತ್ರವನ್ನು ತಂದಿತು. 1985ರಲ್ಲಿ ಸಿಡ್ ಮೇಯರ್ ಅವರ ‘ಸೈಲೆಂಟ್ ಸರ್ವಿಸ್’ ಬಂತು, 1994ರಲ್ಲಿ ‘ಏಸಸ್ ಆಫ್ ದಿ ಡೀಪ್’ ಬಂತು, 1996ರಲ್ಲಿ ಮೊದಲ ‘ಸೈಲೆಂಟ್ ಹಂಟರ್’ ಬಂತು. ಮೂರನೆಯದನ್ನು ಮೊದಲಿಗೆ ನಿಗದಿತ ಕಾರ್ಯಾಚರಣೆಗಳ ಸರಮಾಲೆಯಾಗಿ ರೂಪಿಸಲಾಗಿತ್ತಂತೆ. ಈ ಬಗೆಯ ಆಟಗಳ ಹಳೆಯ ಅಭಿಮಾನಿಗಳು ಅದಕ್ಕೆ ಒಪ್ಪದೆ, ಹಡಗುಗಳು ತಮ್ಮ ಪಾಡಿಗೆ ತಾವು ಸಾಗುತ್ತಿರುವ ತೆರೆದ ಸಾಗರವೇ ಬೇಕೆಂದು ಪಟ್ಟು ಹಿಡಿದರು. ಕಂಪನಿ ಬಿಡುಗಡೆಯನ್ನೇ ಮುಂದೂಡಿ ಅವರ ಮಾತನ್ನು ನಡೆಸಿಕೊಟ್ಟಿತು. ಆ ಹಟದ ಫಲವಾಗಿಯೇ ಈ ಆಟದಲ್ಲಿ ಮುಂದೆ ಏನು ಎದುರಾಗುತ್ತದೆ ಎಂಬುದು, ಅದನ್ನು ಎಷ್ಟು ಸಲ ಆಡಿದವನಿಗೂ, ಗೊತ್ತಿರುವುದಿಲ್ಲ.

ಆಟಗಾರ ಇಲ್ಲಿ ಎರಡನೆಯ ಮಹಾಯುದ್ಧದ ಕಾಲದ ಜರ್ಮನ್ ಜಲಾಂತರ್ಗಾಮಿ, ಅಂದರೆ ಯು-ಬೋಟ್ ಒಂದರ ಕಪ್ತಾನ. ಹೆಚ್ಚಿನವರ ಪಾಲಿಗೆ ಬರುವುದು ಟೈಪ್ 7ಸಿ ಎಂಬ ನೌಕೆ: 67 ಮೀಟರ್ ಉದ್ದ, ಸುಮಾರು ಐವತ್ತು ಜನ ಸಿಬ್ಬಂದಿ, ಮುಂದೆ ನಾಲ್ಕು ಹಿಂದೆ ಒಂದು ಟಾರ್ಪಿಡೊ ಕೊಳವೆ, ಒಟ್ಟು ಹದಿನಾಲ್ಕು ಟಾರ್ಪಿಡೊಗಳು. ನೀರಿನ ಮೇಲೆ ಡೀಸೆಲ್ ಎಂಜಿನ್ನಿನಲ್ಲಿ ಹದಿನೇಳು ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ) ಮೀರಿ ಓಡಬಲ್ಲ ಈ ನೌಕೆ ಮುಳುಗಿದೊಡನೆ ಬ್ಯಾಟರಿಯ ಮರ್ಜಿಗೆ ಬೀಳುತ್ತದೆ. ನಾಲ್ಕು ನಾಟ್ ವೇಗದಲ್ಲಿ ತೆವಳಿದರೆ ಎಂಬತ್ತು ನಾಟಿಕಲ್ ಮೈಲಿ, ಅಷ್ಟೇ; ಆಮೇಲೆ ಶತ್ರು ಇರಲಿ ಬಿಡಲಿ ಮೇಲೆ ಬರಲೇಬೇಕು. ನೀರಿನೊಳಗೇ ಬದುಕುವ ಪ್ರಾಣಿ ಎಂದು ನಾವು ಭಾವಿಸುವ ಯು-ಬೋಟ್ ನಿಜಕ್ಕೂ ಅಗತ್ಯ ಬಿದ್ದಾಗ ಮಾತ್ರ ಮುಳುಗಬಲ್ಲ ಒಂದು ಬಡ ದೋಣಿಯಾಗಿತ್ತು ಎಂಬ ತಿಳಿವಳಿಕೆ ಪುಸ್ತಕದಿಂದಲೂ ಸಿಗುತ್ತದೆ, ನಿಜ. ಆದರೆ ಇಳಿಯುತ್ತಿರುವ ಬ್ಯಾಟರಿಯ ಮುಳ್ಳನ್ನು ನೋಡುತ್ತ ಕೂತಾಗ ಅದು ಮನಸ್ಸಿಗೆ ನಾಟುವ ರೀತಿಯೇ ಬೇರೆ.

ವಿಲ್ಹೆಲ್ಮ್‌ಸ್ಹಾಫೆನ್ ಬಂದರಿನಿಂದ ಹೊರಟರೆ ನಿಗದಿಯಾದ ಗಸ್ತಿನ ಚೌಕವನ್ನು ತಲುಪಲು ಆಟದ ಲೆಕ್ಕದಲ್ಲಿ ಒಂದು ವಾರಕ್ಕೂ ಹೆಚ್ಚು ಹಿಡಿಯಬಹುದು. ಜರ್ಮನ್ ನೌಕಾಪಡೆ ಇಡೀ ಸಾಗರವನ್ನು ಎರಡಕ್ಷರ ಮತ್ತು ಅಂಕಿಗಳ ಚೌಕಗಳಾಗಿ ವಿಂಗಡಿಸಿತ್ತು. ಅಂಥ ಯಾವುದೋ ಒಂದು ಚೌಕಕ್ಕೆ ಹೋಗಿ ಇಪ್ಪತ್ನಾಲ್ಕು ಗಂಟೆ ಅಲ್ಲಿ ಸುತ್ತಾಡಬೇಕೆಂಬುದು ಆಜ್ಞೆ. ಕಾಲವನ್ನು 1024 ಪಟ್ಟು ವೇಗವಾಗಿ ಓಡಿಸುವ ಸೌಲಭ್ಯವಿದೆ, ಹಾಗೆ ಓಡಿಸಿದರೆ ಒಂದಿಡೀ ದಿನ ಒಂದೂವರೆ ನಿಮಿಷದೊಳಗೆ ಸರಿದುಹೋಗುತ್ತದೆ. ಕಾವಲಿನವನಿಗೆ ದಿಗಂತದಲ್ಲಿ ಹೊಗೆ ಕಂಡರೆ ಆಟ ತಾನಾಗಿ ನಿಧಾನವಾಗುತ್ತದೆ. ಹೀಗಿದ್ದೂ ಎಷ್ಟೋ ಮಂದಿ ಈ ಸೌಲಭ್ಯವನ್ನು ಪೂರ್ತಿ ಬಳಸುವುದಿಲ್ಲ. ಬಂದರಿನಿಂದ ಹೊರಬೀಳುವಾಗ, ಕತ್ತಲಾಗುವಾಗ, ಬಿರುಗಾಳಿಯಲ್ಲಿ ದೋಣಿಯ ಮೂತಿ ಅಲೆಯೊಳಗೆ ಹೂತು ಮತ್ತೆ ಮೇಲೇಳುವಾಗ ಅವರು ಗಡಿಯಾರವನ್ನು ಸಹಜ ವೇಗಕ್ಕೆ ತಂದು ಸುಮ್ಮನೆ ನೋಡುತ್ತಾರೆ. ಬಿರುಗಾಳಿಯ ಮಾತು ಬಂದದ್ದರಿಂದ ಒಂದು ದೂರನ್ನೂ ಹೇಳಿಬಿಡುತ್ತೇನೆ: ಈ ಆಟದಲ್ಲಿ ಒಮ್ಮೆ ಗಾಳಿ ಎದ್ದರೆ ವಾರಗಟ್ಟಲೆ ಇಳಿಯುವ ಲಕ್ಷಣವೇ ಇರುವುದಿಲ್ಲ, ಡೆಕ್ಕಿನ ತೋಪನ್ನು ಮುಟ್ಟಲೂ ಬಿಡುವುದಿಲ್ಲ. ನಾವಿಕರು ಬೇಗ ದಣಿದು, ಅವರನ್ನು ಒಂದು ಪಾಳಿಯಿಂದ ಇನ್ನೊಂದಕ್ಕೆ ಕೈಯಾರೆ ಎತ್ತಿ ಕೂರಿಸಬೇಕಾದ ಇನ್ನೊಂದು ಕಿರಿಕಿರಿಯೂ ಇತ್ತು; ಅಭಿಮಾನಿಗಳೇ ಮುಂದೆ ತಮ್ಮ ತಿದ್ದುಪಡಿಗಳಲ್ಲಿ ಅದಕ್ಕೆ ಮದ್ದು ಕಂಡುಕೊಂಡರು. ಈ ದೀರ್ಘ ಪಯಣಕ್ಕೆಂದೇ ದೋಣಿಯೊಳಗೆ ಒಂದು ಗ್ರಾಮಫೋನ್ ಇಟ್ಟಿದ್ದಾರೆ. ಅದರ ಫೋಲ್ಡರಿಗೆ ನಮ್ಮದೇ ಹಾಡುಗಳನ್ನು ಹಾಕಿಕೊಳ್ಳಬಹುದಾದ್ದರಿಂದ ನನ್ನ ಯು-ಬೋಟು ಐಸ್‌ಲೆಂಡಿನ ದಕ್ಷಿಣದಲ್ಲಿ ಪಿ. ಕಾಳಿಂಗರಾಯರ ದನಿಯನ್ನು ಹೊತ್ತುಕೊಂಡು ಸಾಗುತ್ತದೆ. ಅಟ್ಲಾಂಟಿಕ್ಕಿಗೆ ಭಾವಗೀತೆ ಅಷ್ಟೇನೂ ಒಗ್ಗದ ಸಂಗತಿಯಲ್ಲ.

ಆದರೆ ಈ ಆಟದ ನಿಜವಾದ ಸೊಗಸಿರುವುದು ಕಣ್ಣಿನಲ್ಲಲ್ಲ, ಕಿವಿಯಲ್ಲಿ. ಮೇಲೆ ಡೀಸೆಲ್ಲಿನ ಗದ್ದಲದಲ್ಲಿ ಏನೂ ಕೇಳಿಸದು. ಆದ್ದರಿಂದ ಅನುಭವಸ್ಥರು ಕೆಲವು ಗಂಟೆಗಳಿಗೊಮ್ಮೆ ಇಪ್ಪತ್ತೈದು ಮೀಟರ್ ಕೆಳಗಿಳಿದು, ಎಂಜಿನ್ ನಿಲ್ಲಿಸಿ, ನೀರೊಳಗಿನ ಸದ್ದು ಕೇಳಿಸುವ ಹೈಡ್ರೋಫೋನಿನ ಮುಂದೆ ಕೂರುತ್ತಾರೆ. ಗುಂಡಗಿನ ಹಿಡಿಯನ್ನು ತಿರುಗಿಸುತ್ತ ಹೋದಂತೆ ಒಂದು ದಿಕ್ಕಿನಲ್ಲಿ ಬರಿಯ ನೀರಿನ ಮೊರೆತ, ಮತ್ತೊಂದರಲ್ಲೂ ಅದೇ, ಆಮೇಲೆ ಎಲ್ಲೋ ಒಂದು ಕಡೆ ಇದೆಯೋ ಇಲ್ಲವೋ ಎಂಬಂಥ ದಡಬಡ. ಸರಕಿನ ಹಡಗಿನ ಪ್ರೊಪೆಲ್ಲರ್ ನಿಧಾನವಾಗಿ, ಭಾರವಾಗಿ ಬಡಿಯುತ್ತದೆ. ಬೆಂಗಾವಲಿನ ಯುದ್ಧನೌಕೆ ಡಿಸ್ಟ್ರಾಯರಿನದು ಅವಸರದ, ತೆಳುವಾದ, ಒಂದೇ ಸಮನೆಯ ಸದ್ದು. ಮಲೆನಾಡಿನ ಒಂಟಿಮನೆಗಳವರು ರಾತ್ರಿ ಘಟ್ಟವೇರುವ ಕೊನೆಯ ಬಸ್ಸು ಈಗ ಯಾವ ತಿರುವಿನಲ್ಲಿದೆ, ಗೇರು ಬದಲಿಸಿತೋ ಇಲ್ಲವೋ ಎಂಬುದನ್ನೆಲ್ಲ ಒಲೆಯ ಮುಂದೆ ಕೂತೇ ಹೇಳುವಂತೆ, ಈ ಆಟವನ್ನು ಬಹುಕಾಲ ಆಡಿದವರು ಸದ್ದಿನ ದಿಕ್ಕು ಹದಿನೈದು ನಿಮಿಷದಲ್ಲಿ ಎಷ್ಟು ಡಿಗ್ರಿ ಸರಿಯಿತು ಎಂಬುದರಿಂದಲೇ ಹಡಗುಗಳ ಸಾಲು ಎತ್ತ ಹೊರಟಿದೆ ಎಂದು ನಕ್ಷೆಯ ಮೇಲೆ ಗೆರೆ ಎಳೆದುಬಿಡುತ್ತಾರೆ. ಆ ಗೆರೆ ಬರಿಯ ಊಹೆ. ಅದನ್ನು ನಂಬಿ ಮೇಲೆದ್ದು, ರಾತ್ರಿಯೆಲ್ಲ ಓಡಿ, ಹಡಗುಗಳು ಬರಬೇಕಾದ ದಾರಿಯಲ್ಲಿ ಮುಂಚಿತವಾಗಿ ಹೋಗಿ ಮುಳುಗಿ ಕಾಯಬೇಕು. ಬೆಳಗಿನ ಜಾವ ಪೆರಿಸ್ಕೋಪಿನಲ್ಲಿ, ತಾನು ಎಳೆದ ಗೆರೆಯ ಮೇಲೆಯೇ, ಮೊದಲ ಹಡಗಿನ ಕೂವೆ ಮೂಡಿದಾಗ ಆಗುವ ಹಿಗ್ಗು ಅದನ್ನು ಮುಳುಗಿಸಿದಾಗಲೂ ಆಗುವುದಿಲ್ಲವೆಂದರೆ ಉತ್ಪ್ರೇಕ್ಷೆಯಲ್ಲ.

ಗುರಿ ಹಿಡಿಯುವ ಕೆಲಸವನ್ನು ಕಂಪ್ಯೂಟರಿಗೇ ಒಪ್ಪಿಸಿಬಿಡಬಹುದು. ಆದರೆ ಹಾಗೆ ಮಾಡಿದವರಿಗೆ ಆಟದ ಅರ್ಧ ರುಚಿ ತಪ್ಪಿಹೋಗುತ್ತದೆ. ಲಿಬರ್ಟಿ ಎಂಬ ಮಾದರಿಯ ಸರಕಿನ ಹಡಗೊಂದು ಎದುರಿಗೆ ಅಡ್ಡಲಾಗಿ ಸಾಗುತ್ತಿದೆ ಎನ್ನಿ. ಗುರುತಿನ ಕೈಪಿಡಿಯ ಪುಟ ತಿರುವಿ ಅದರ ಉದ್ದ 134 ಮೀಟರ್ ಎಂದು ನೋಡಿಕೊಳ್ಳಬೇಕು. ದೋಣಿಯನ್ನು ನಿಶ್ಚಲವಾಗಿ ನಿಲ್ಲಿಸಿ, ಪೆರಿಸ್ಕೋಪನ್ನು ಅಲುಗಿಸದೆ, ಹಡಗಿನ ಮೂತಿ ನಡುಗೆರೆಯನ್ನು ಮುಟ್ಟಿದಾಗ ನಿಲ್ಗಡಿಯಾರ ಒತ್ತಿ, ಬಾಲ ಗೆರೆ ದಾಟಿದಾಗ ನಿಲ್ಲಿಸಬೇಕು. 33 ಸೆಕೆಂಡ್ ಆಯಿತು ಎಂದರೆ ಸೆಕೆಂಡಿಗೆ ನಾಲ್ಕು ಮೀಟರಿಗಿಂತ ತುಸು ಹೆಚ್ಚು, ಅಂದರೆ ಸುಮಾರು ಎಂಟು ನಾಟ್. ನಮ್ಮ ವಿದ್ಯುತ್ ಟಾರ್ಪಿಡೊ ಮೂವತ್ತು ನಾಟ್ ವೇಗದ್ದು, ಗುಳ್ಳೆಯ ಜಾಡು ಬಿಡದಂಥದು. ಹಡಗಿನ ದಾರಿಗೆ ಸರಿಯಾಗಿ ಲಂಬವಾಗಿ ದೋಣಿ ನಿಂತಿದ್ದರೆ ಉಳಿದಿರುವುದು ಹತ್ತನೆಯ ತರಗತಿಯ ತ್ರಿಕೋನಮಿತಿ: ಎಂಟನ್ನು ಮೂವತ್ತರಿಂದ ಭಾಗಿಸಿ ಬಂದದ್ದು ಯಾವ ಕೋನದ ಟ್ಯಾನ್ ಎಂದು ನೋಡಿದರೆ ಹದಿನೈದು ಡಿಗ್ರಿ. ಹಡಗು ನಮ್ಮ ಮೂತಿಯ ನೇರಕ್ಕೆ ಬರಲು ಇನ್ನೂ ಹದಿನೈದು ಡಿಗ್ರಿ ಇರುವಾಗ ಟಾರ್ಪಿಡೊ ಬಿಟ್ಟರೆ ಎರಡೂ ಒಂದೇ ಜಾಗದಲ್ಲಿ ಭೇಟಿಯಾಗುತ್ತವೆ. ಇದರಲ್ಲಿ ನನ್ನನ್ನು ಇಂದಿಗೂ ಮರುಳು ಮಾಡುವ ವಿಷಯವೆಂದರೆ ದೂರದ ಪ್ರಶ್ನೆಯೇ ಏಳದಿರುವುದು. ಹಡಗು ಆರುನೂರು ಮೀಟರಿನಲ್ಲಿದ್ದರೂ ಸಾವಿರದಲ್ಲಿದ್ದರೂ ಕೋನ ಅದೇ ಹದಿನೈದು. ಕಾಯಬೇಕಾದ ಸೆಕೆಂಡುಗಳು ಮಾತ್ರ ಬದಲಾಗುತ್ತವೆ. ಒಂಬೈನೂರು ಮೀಟರಾದರೆ ಐವತ್ತೆಂಟು ಸೆಕೆಂಡ್. ಶಾಲೆಯಲ್ಲಿ ಮರದ ನೆರಳನ್ನು ಅಳೆದು ಮರದ ಎತ್ತರ ಕಂಡುಹಿಡಿಯಿರಿ ಎಂದಾಗ ಆಕಳಿಸುತ್ತಿದ್ದವರು ಇಲ್ಲಿ ಯಾರ ಒತ್ತಾಯವೂ ಇಲ್ಲದೆ ಟ್ಯಾನ್ ಕೋಷ್ಟಕವನ್ನು ಮುದ್ರಿಸಿ ಮೇಜಿನ ಮೇಲೆ ಅಂಟಿಸಿಕೊಳ್ಳುತ್ತಾರೆ.

ಟಾರ್ಪಿಡೊ ತಾಗಿದ ಮೇಲೆ ಪಾತ್ರಗಳು ಅದಲು ಬದಲಾಗುತ್ತವೆ. ಈಗ ಕಿವಿಗೊಟ್ಟು ಕೂರುವವರು ಮೇಲಿನವರು. ಸದ್ದಿನ ಮಾರ್ದನಿಯಿಂದ ನಮ್ಮನ್ನು ಹುಡುಕುವ ಅವರ ಸೋನಾರಿನ ಟಿಣ್ ಟಿಣ್ ಸದ್ದು ದೋಣಿಯ ಮೈಗೆ ಬಡಿಯುವುದು ನಮಗೂ ಕೇಳಿಸುತ್ತದೆ. ಸಿಬ್ಬಂದಿ ಪಿಸುದನಿಯಲ್ಲಿ ವರದಿ ಒಪ್ಪಿಸತೊಡಗುತ್ತಾರೆ. ಡಿಸ್ಟ್ರಾಯರ್ ತೀರ ಹತ್ತಿರ ಬಂದಾಗ ಅದರ ಸೋನಾರಿಗೆ ತನ್ನ ಅಡಿಯಲ್ಲಿರುವುದು ಕಾಣಿಸುವುದಿಲ್ಲ. ಮೇಲಿಂದ ಬಿಟ್ಟ ಡೆಪ್ತ್ ಚಾರ್ಜು, ಅಂದರೆ ನೀರಿನಾಳದಲ್ಲಿ ಸಿಡಿಯುವ ಬಾಂಬು, 150 ಮೀಟರ್ ಆಳಕ್ಕೆ ಇಳಿಯಲು ಮುಕ್ಕಾಲು ನಿಮಿಷವಾದರೂ ಬೇಕು. ಆ ಮುಕ್ಕಾಲು ನಿಮಿಷವೇ ಕಪ್ತಾನನ ಆಸ್ತಿ. ಅಷ್ಟರಲ್ಲಿ ಪೂರ್ಣ ವೇಗದಲ್ಲಿ ಪಕ್ಕಕ್ಕೆ ಹೊರಳಿ, ಸ್ಫೋಟಗಳ ಗದ್ದಲ ಅಡಗುವ ಮೊದಲೇ ಮತ್ತೆ ಸದ್ದಿಲ್ಲದ ನಡಿಗೆಗೆ ಇಳಿಯಬೇಕು. ಹೀಗೆ ಆರು ಗಂಟೆ ನಡೆಯಬಹುದು. ಕಾಲವನ್ನು ಓಡಿಸುವ ಗುಂಡಿ ಇಲ್ಲಿ ಹೆಚ್ಚು ನೆರವಿಗೆ ಬಾರದು, ಊಟಕ್ಕೆ ಕರೆದವರಿಗೆ ಕಾರಣ ವಿವರಿಸುವುದೂ ಸುಲಭವಲ್ಲ.

ಈ ಸುಖದ ಬುಡದಲ್ಲಿ ಒಂದು ಮುಳ್ಳಿದೆ, ಅದನ್ನು ಮರೆಮಾಚುವುದು ಸರಿಯಲ್ಲ. ನಾವು ಆಡುತ್ತಿರುವುದು ಹಿಟ್ಲರನ ನೌಕಾಪಡೆಯ ಪರವಾಗಿ. ಆಟ ಇದನ್ನು ಮುಳುಗಿಸಿದ ಹಡಗುಗಳ ಟನ್ನುಗಳ ಲೆಕ್ಕದಲ್ಲಿ ಮರೆಸುತ್ತದೆ. ಆ ಕಾಲದ ಕಪ್ತಾನರನ್ನು ಅಳೆದದ್ದೂ ಹಾಗೆಯೇ. 1940ರ ಸೆಪ್ಟೆಂಬರ್ 17ರ ರಾತ್ರಿ ಯು-48 ಎಂಬ ದೋಣಿ ‘ಸಿಟಿ ಆಫ್ ಬನಾರಸ್’ ಹಡಗನ್ನು ಮುಳುಗಿಸಿತು. ಬಾಂಬ್ ದಾಳಿಯಿಂದ ಪಾರು ಮಾಡಲೆಂದು ಕೆನಡಾಕ್ಕೆ ಸಾಗಿಸುತ್ತಿದ್ದ 90 ಮಕ್ಕಳಲ್ಲಿ 77 ಮಕ್ಕಳು ಸತ್ತರು. ಹಡಗಿನ ದುಡಿಮೆಗಾರರಲ್ಲಿ ಬಹುಪಾಲು ಭಾರತೀಯರು, ಬ್ರಿಟಿಷರು ಲಸ್ಕರ್ ಎಂದು ಕರೆಯುತ್ತಿದ್ದ ಖಲಾಸಿಗಳು. ಅವರಲ್ಲೂ ಬಹಳ ಜನ ಬದುಕಲಿಲ್ಲ. ಪೆರಿಸ್ಕೋಪಿನಲ್ಲಿ ಸರಕಿನ ಹಡಗು ಕಂಡಾಗ ಅದರ ಬಾಯ್ಲರಿಗೆ ಕಲ್ಲಿದ್ದಲು ಎಸೆಯುತ್ತಿದ್ದವನು ನಮ್ಮ ಕಡೆಯವನೇ ಇದ್ದಿರಬಹುದು ಎಂಬುದನ್ನು ನೆನೆದರೆ ಗುಂಡಿಯ ಮೇಲಿನ ಬೆರಳು ತುಸು ತಡವರಿಸುತ್ತದೆ. ಆದರೂ ಒತ್ತುತ್ತೇವೆ, ಇದು ಆಟವೆಂದು ಸಮಾಧಾನ ಹೇಳಿಕೊಳ್ಳುತ್ತೇವೆ. ಆ ಸಮಾಧಾನ ಎಷ್ಟು ಗಟ್ಟಿಯದು ಎಂಬ ಬಗ್ಗೆ ನನಗೆ ಅನುಮಾನವಿದೆ. ವಿಶಾಖಪಟ್ಟಣದ ಕಡಲ ತೀರದಲ್ಲಿ 2002ರಿಂದ ಸಂಗ್ರಹಾಲಯವಾಗಿರುವ ನಮ್ಮ ನೌಕಾಪಡೆಯ ಐಎನ್‌ಎಸ್ ಕುರ್ಸುರಾ ಜಲಾಂತರ್ಗಾಮಿಯೊಳಗೆ ಬಗ್ಗಿ ನಡೆದವರಿಗೆ, ಒಬ್ಬರ ಮೈಗೆ ಒಬ್ಬರು ತಾಗದೆ ದಾಟಲಾಗದ ಆ ಓಣಿಯಲ್ಲಿ, ಪರದೆಯ ಮೇಲೆ ಕಾಣದ ಇನ್ನೊಂದು ವಿಷಯ ಅರ್ಥವಾಗುತ್ತದೆ: ಒಳಗಿನವರಿಗೂ ಹೊರಹೋಗುವ ದಾರಿ ಅಷ್ಟಕ್ಕಷ್ಟೇ.

ಆ ಸತ್ಯವನ್ನು ಆಟವೂ ತನ್ನದೇ ರೀತಿಯಲ್ಲಿ ಹೇಳುತ್ತದೆ. ಇತರ ಆಟಗಳಲ್ಲಿ ಆಡಿದಷ್ಟೂ ಆಟಗಾರ ಬಲಶಾಲಿಯಾಗುತ್ತಾನೆ, ಕೊನೆಗೆ ಅವನನ್ನು ಎದುರಿಸುವವರೇ ಇಲ್ಲವಾಗುತ್ತಾರೆ. ಇಲ್ಲಿ ಅದು ತಿರುಗುಮುರುಗು. 1940ರಲ್ಲಿ ಕಾವಲಿಲ್ಲದೆ ಒಂಟಿಯಾಗಿ ಅಲೆಯುತ್ತಿದ್ದ ಹಡಗುಗಳು ಬರಬರುತ್ತ ಮಾಯವಾಗುತ್ತವೆ. 1942ರಲ್ಲಿ ರಾತ್ರಿಯ ಕತ್ತಲಲ್ಲಿ ವಿಮಾನವೊಂದು ಲೀ ಲೈಟ್ ಎಂಬ ದೀಪವನ್ನು ಥಟ್ಟನೆ ನೆತ್ತಿಯ ಮೇಲೆ ಹೊತ್ತಿಸುತ್ತದೆ. ಇಪ್ಪತ್ನಾಲ್ಕು ಬಾಂಬುಗಳನ್ನು ಒಮ್ಮೆಲೇ ಮುಂದಕ್ಕೆ ಎಸೆಯುವ ಹೆಜ್‌ಹಾಗ್ ಎಂಬ ಅಸ್ತ್ರ ಬಂದ ಮೇಲೆ ಹಿಂದೆ ಹೇಳಿದ ಮುಕ್ಕಾಲು ನಿಮಿಷದ ಆಸ್ತಿಯೂ ಕರಗುತ್ತದೆ. 1943ರ ಮೇ ಒಂದೇ ತಿಂಗಳಲ್ಲಿ ನಲವತ್ತಕ್ಕೂ ಹೆಚ್ಚು ಯು-ಬೋಟುಗಳು ನಾಶವಾಗಿ, ಜರ್ಮನ್ ನೌಕಾಪಡೆಯ ಮುಖ್ಯಸ್ಥ ಡೋನಿಟ್ಸ್ ತನ್ನ ದೋಣಿಗಳನ್ನು ಉತ್ತರ ಅಟ್ಲಾಂಟಿಕ್ಕಿನಿಂದ ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. ಯು-ಬೋಟುಗಳಲ್ಲಿ ಹೋದ ಸುಮಾರು ನಲವತ್ತು ಸಾವಿರ ಮಂದಿಯಲ್ಲಿ ನಾಲ್ಕರಲ್ಲಿ ಮೂರು ಪಾಲಿನಷ್ಟು ಜನ ಮರಳಲಿಲ್ಲ. ಆಟಗಾರನಿಗೆ ಇದೆಲ್ಲ ಮೊದಲೇ ಗೊತ್ತು, ಅವನ ಕೈಕೆಳಗಿನ ನಾವಿಕರಿಗೆ ಗೊತ್ತಿಲ್ಲ.

ಇದರ ನಂತರವೂ ಈ ಸಾಲಿನಲ್ಲಿ ಆಟಗಳು ಬಂದಿವೆ. 2007ರ ನಾಲ್ಕನೆಯ ಭಾಗ ಪೆಸಿಫಿಕ್ಕಿಗೆ ಹೋಯಿತು, ಮರುವರ್ಷದ ಅದರ ಪುರವಣಿ ಹಿಂದೂ ಮಹಾಸಾಗರಕ್ಕೂ ಬಂತು. 2010ರ ಐದನೆಯದು ಸದಾ ಇಂಟರ್ನೆಟ್ ಸಂಪರ್ಕ ಬೇಡಿ ಅಭಿಮಾನಿಗಳ ಸಿಟ್ಟಿಗೆ ಗುರಿಯಾಯಿತು. 2024ರಲ್ಲಿ ಪೂರ್ಣರೂಪ ಪಡೆದ ‘ಯುಬೋಟ್’ ನಾವಿಕರ ಊಟ, ನಿದ್ದೆ, ಧೈರ್ಯಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. ನೀರು, ಬೆಳಕುಗಳ ಚಂದದಲ್ಲಿ ಹಳೆಯದು ಇವುಗಳೆದುರು ನಿಲ್ಲಲಾರದು. ಆದರೂ ‘ಗ್ರೇ ವುಲ್ವ್ಸ್’ನಂಥ ಅಭಿಮಾನಿಗಳ ವಿಸ್ತರಣೆಗಳನ್ನು ಹೊಸ ಕಂಪ್ಯೂಟರಿಗೆ ಹರಸಾಹಸದಿಂದ ಕೂರಿಸಿ, ಯಾವ ಕಡತದ ಮೇಲೆ ಯಾವುದನ್ನು ಹೇರಬೇಕೆಂಬ ಕ್ರಮವನ್ನು ಮಡಿಯಂತೆ ಪಾಲಿಸಿ, ಜನ ಮೂರನೆಯದನ್ನೇ ಆಡುತ್ತಾರೆ. ಅವರಲ್ಲಿ ದೋಣಿ ಮುಳುಗಿದರೆ ಉಳಿಸಿಟ್ಟ ಕಡತವನ್ನು ಮತ್ತೆ ತೆರೆಯದೆ ಅಳಿಸಿಹಾಕುವ ವ್ರತಧಾರಿಗಳಿದ್ದಾರೆ, 1945ರ ಮೇ ತಿಂಗಳವರೆಗೂ ಬದುಕಿ ತೋರಿಸುತ್ತೇನೆಂದು ಹಟ ಹಿಡಿದವರೂ ಇದ್ದಾರೆ. ನನ್ನಂಥ ಅಂಜುಬುರುಕರ ದಾರಿ ಬೇರೆ: 1942ರ ಚಳಿಗಾಲದವರೆಗೆ ಆಡಿ, ಯಾವುದೋ ಬಂದರಿನಲ್ಲಿ ದೋಣಿ ಕಟ್ಟಿ, ಹೊಸ ಹೆಸರಿನ ಹೊಸ ಕಪ್ತಾನನನ್ನು ಸೃಷ್ಟಿಸಿಕೊಂಡು ಮತ್ತೆ 1939ರ ಸೆಪ್ಟೆಂಬರಿನಿಂದ ಶುರು ಮಾಡುತ್ತೇವೆ.