ಕೈಗಾದ ನೆರೆಯವರಿಗೆ ಕರೆಂಟ್ ಯಾವಾಗ?

2047ರ ಹೊತ್ತಿಗೆ ದೇಶದಲ್ಲಿ ನೂರು ಗಿಗಾವ್ಯಾಟ್, ಅಂದರೆ ಒಂದು ಲಕ್ಷ ಮೆಗಾವ್ಯಾಟ್ ಅಣುವಿದ್ಯುತ್ ಸಾಮರ್ಥ್ಯ ಕಟ್ಟುವುದಾಗಿ 2025ರ ಕೇಂದ್ರ ಬಜೆಟ್ಟಿನಲ್ಲಿ ಘೋಷಿಸಿದಾಗ ಮೇಜು ಕುಟ್ಟಿದವರಲ್ಲಿ ಒಬ್ಬರಾದರೂ ಮಳೆಗಾಲದ ಒಂದು ವಾರವನ್ನು ಉತ್ತರ ಕನ್ನಡದ ಕೈಗಾ ಅಣುವಿದ್ಯುತ್ ಸ್ಥಾವರದ ಸುತ್ತಲಿನ ಹಳ್ಳಿಯಲ್ಲಿ ಕಳೆಯಬೇಕೆಂಬುದು ನನ್ನ ಆಗ್ರಹ.

ಇಲ್ಲಿ ಕಾಳಿ ನದಿಯ ದಂಡೆಯಲ್ಲಿ ತಲಾ 220 ಮೆಗಾವ್ಯಾಟ್‌ನ ನಾಲ್ಕು ರಿಯಾಕ್ಟರುಗಳಿವೆ. ಅದೇ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾ ಎಂದು ಅಣೆಕಟ್ಟುಗಳ ಸಾಲೇ ಇದೆ. ದೊಡ್ಡ ಗೋಪುರಗಳ ಮೇಲಿನ ತಂತಿಗಳು ನಮ್ಮ ಕಾಡನ್ನು ಸೀಳಿಕೊಂಡೇ ಹೋಗುತ್ತವೆ. ಇಷ್ಟೆಲ್ಲ ಇದ್ದೂ, ಜೂನ್ ತಿಂಗಳ ಗಾಳಿಗೆ ಮರದ ಒಂದು ಟೊಂಗೆ ಮುರಿದು ಊರಿನ ಲೈನಿನ ಮೇಲೆ ಬಿದ್ದರೆ ನಾವು ಎರಡು ಮೂರು ದಿನ ಕತ್ತಲಲ್ಲಿರಬೇಕು. ಸರಬರಾಜು ಕಚೇರಿಯಲ್ಲಿ ಫೋನ್ ಎತ್ತುವವರಿಲ್ಲ. ಲೈನ್‌ಮನ್ ಮೇಲೆ ಸಿಟ್ಟು ಮಾಡುವಂತೆಯೂ ಇಲ್ಲ. ಜಡಿಮಳೆಯಲ್ಲಿ ಕಾಡಿನೊಳಗಿನ ಕಂಬ ಕಂಬವನ್ನೂ ನೋಡಿಕೊಂಡು ಬರುವ ಆ ಒಬ್ಬ ಮನುಷ್ಯನಿಗೆ ಸರಿಯಾದ ರೇನ್‌ಕೋಟನ್ನೂ ಕೊಟ್ಟಿಲ್ಲ. ಕೈಗಾದ ಒಂದನೇ ಘಟಕ 2018ರ ಕೊನೆಯವರೆಗೆ 962 ದಿನ ಎಡೆಬಿಡದೆ ನಡೆದು ಆಗಿನ ವಿಶ್ವದಾಖಲೆ ಬರೆಯಿತು. ನಮ್ಮೂರಿನ ಟ್ರಾನ್ಸ್‌ಫಾರ್ಮರ್ ಒಂದು ಮಳೆಗಾಲವನ್ನಾದರೂ ಎಡೆಬಿಡದೆ ನಡೆದ ದಾಖಲೆಯಿಲ್ಲ.

ಸ್ಥಾವರದ ವಿದ್ಯುತ್ತು ಗ್ರಿಡ್‌ಗೆ ಸೇರಿ ದಕ್ಷಿಣದ ರಾಜ್ಯಗಳಿಗೆ ಹಂಚಿಹೋಗುತ್ತದೆ, ಪಕ್ಕದ ಮನೆಗೆ ನೇರವಾಗಿ ಬರುವುದಿಲ್ಲ ಎಂಬ ಪಾಠ ನಮಗೂ ಗೊತ್ತು. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಯನ್ನಂತೂ ದಯವಿಟ್ಟು ಯಾರೂ ಹೇಳಬೇಡಿ, ಕೇಳಿ ಸಾಕಾಗಿದೆ. ನನ್ನನ್ನು ಕೆರಳಿಸುವುದು ಹಣದ ಲೆಕ್ಕ. ಕೈಗಾದ ಐದನೇ ಮತ್ತು ಆರನೇ ಘಟಕಗಳೂ ಸೇರಿದಂತೆ ತಲಾ 700 ಮೆಗಾವ್ಯಾಟ್‌ನ ಹತ್ತು ರಿಯಾಕ್ಟರುಗಳಿಗೆ 2017ರಲ್ಲಿ ಒಪ್ಪಿಗೆ ಸಿಕ್ಕಿತು, ಸಣ್ಣ ರಿಯಾಕ್ಟರುಗಳ ಸಂಶೋಧನೆಗೆ ಅದೇ 2025ರ ಬಜೆಟ್ಟಿನಲ್ಲಿ 20,000 ಕೋಟಿ ರೂಪಾಯಿ ತೆಗೆದಿಟ್ಟರು. ಕಾಡಿನ ದಾರಿಯ ಬರಿಯ ತಂತಿಯನ್ನು ತೆಗೆದು ಹೊದಿಕೆಯ ಕೇಬಲ್ ಹಾಕಿ ಎಂದು ನಾವು ಕೇಳಿದರೆ ಮಾತ್ರ ಅನುದಾನವಿಲ್ಲ. ದೇಶದ ಅಣುವಿದ್ಯುತ್ ಸಾಮರ್ಥ್ಯ 2000ನೇ ಇಸವಿಗೆ 10,000 ಮೆಗಾವ್ಯಾಟ್ ಎಂದರು, ಮೂರು ಸಾವಿರವೂ ಆಗಲಿಲ್ಲ. 2020ಕ್ಕೆ 20,000 ಎಂದರು, ಏಳು ಸಾವಿರ ಮುಟ್ಟಲಿಲ್ಲ. ಗುರಿ ತಪ್ಪಿದಷ್ಟೂ ಮುಂದಿನ ಗುರಿ ದೊಡ್ಡದಾಗುವ ಈ ಲೆಕ್ಕದಲ್ಲಿ ಮನೆಯ ಮೀಟರಿನವರೆಗೆ ಬರುವ ಕೊನೆಯ ತಂತಿಗೆ ಎಂದೂ ಜಾಗ ಸಿಕ್ಕಿಲ್ಲ.

ಇನ್ನೂ ಒಂದು ವಿಷಯವಿದೆ, ಅದು ಬರೀ ಅನಾನುಕೂಲದ ಮಾತಲ್ಲ. ಸ್ಥಾವರದ ಸುತ್ತಲಿನ 16 ಕಿಲೋಮೀಟರ್ ಪ್ರದೇಶವು ತುರ್ತು ಯೋಜನೆಯ ವಲಯ. ಅವಘಡವಾದರೆ ಜನರು ಮನೆಯೊಳಗೆ ಉಳಿಯಬೇಕೇ, ವಿಕಿರಣದಿಂದ ಥೈರಾಯ್ಡ್ ಗ್ರಂಥಿಯನ್ನು ಕಾಯುವ ಅಯೋಡಿನ್ ಮಾತ್ರೆ ನುಂಗಬೇಕೇ, ಊರು ಬಿಡಬೇಕೇ ಎಂಬುದನ್ನು ಹೊತ್ತಿಗೆ ಸರಿಯಾಗಿ ತಿಳಿಸಬೇಕು. ಕರೆಂಟ್ ಹೋದ ಕೆಲವೇ ತಾಸುಗಳಲ್ಲಿ ನಮ್ಮ ಮೊಬೈಲ್ ಟವರ್ ಸತ್ತುಹೋಗುತ್ತದೆ, ರಸ್ತೆಗೆ ಮರ ಬಿದ್ದಿರುತ್ತದೆ. ಅಂಥ ರಾತ್ರಿಯಲ್ಲಿ ಆ ಸುದ್ದಿ ನಮ್ಮ ಮನೆಗೆ ಹೇಗೆ ಬರುತ್ತದೆ ಎಂದು ಅರ್ಜಿ ಬರೆದು ಕೊಟ್ಟೆ. ಅದನ್ನು ಒಂದು ಕಚೇರಿಯವರು ಇನ್ನೊಂದಕ್ಕೆ, ಅವರು ಮತ್ತೊಂದಕ್ಕೆ ವರ್ಗಾಯಿಸಿದ್ದಾರೆ.